ತಜ್ಞ ಸಾಕ್ಷಿಯ ಮುಂಗಡ ವರದಿ: ಸಿವಿಲ್ ದಾವೆಗಳಲ್ಲಿ ಸಾಕ್ಷ್ಯವಾಗಿ ಅದರ ಬಳಕೆ

ಮುಂಗಡ ವರದಿಯೆಂದರೆ, ಸಿವಿಲ್ ದಾವೆಯಲ್ಲಿ ಪಕ್ಷವೊಂದು ತನ್ನ ಪರವಾಗಿ ನುಡಿಯಲಿರುವ ವೈದ್ಯ, ಎಂಜಿನಿಯರ್, ಲೆಕ್ಕಪರಿಶೋಧಕ ಮೊದಲಾದ ತಜ್ಞರು ಯಾರು, ಅವರು ಏನು ಹೇಳಲಿದ್ದಾರೆ, ಯಾವ ಆಧಾರದ ಮೇಲೆ ಹೇಳಲಿದ್ದಾರೆ ಎಂಬುದನ್ನು ವಿಚಾರಣೆಗೆ ಮೊದಲೇ ಎದುರು ಪಕ್ಷಕ್ಕೆ ಬರಹದಲ್ಲಿ ಒಪ್ಪಿಸುವ ದಾಖಲೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಇದು ಕಡ್ಡಾಯ. ವರದಿ ಎದುರಾಳಿಯ ಕೈಸೇರಿದ ಮಾತ್ರಕ್ಕೆ ಅದು ಸಾಕ್ಷ್ಯವಾಗಿಬಿಡುವುದಿಲ್ಲ. ಅದರ ಕೆಲಸ ಮುನ್ಸೂಚನೆ ಕೊಡುವುದು; ಸಾಕ್ಷ್ಯ ನುಡಿಯುವುದು ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತ ತಜ್ಞನ ಕೆಲಸ. ಈ ವ್ಯತ್ಯಾಸವನ್ನು ಮರೆತ ಪಕ್ಷ ಕೈಯಲ್ಲಿ ಒಳ್ಳೆಯ ವರದಿ ಇದ್ದೂ ದಾವೆ ಸೋಲಬಹುದು.

1938ರಲ್ಲಿ ಜಾರಿಗೆ ಬಂದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿ ಇಂಥ ವರದಿಯ ಕಟ್ಟಳೆ ಇರಲಿಲ್ಲ. 1970ರ ತಿದ್ದುಪಡಿ ತಜ್ಞರ ಅಭಿಪ್ರಾಯದ ಬಗ್ಗೆ ಲಿಖಿತ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು. ಆದರೆ ವಕೀಲರು ಬರೆದುಕೊಡುತ್ತಿದ್ದ ಉತ್ತರಗಳು ತೀರಾ ಮೊಟಕಾಗಿರುತ್ತಿದ್ದವು. ಹಾಗಾಗಿ 1993ರಲ್ಲಿ ತಜ್ಞನೇ ಸಹಿ ಮಾಡಿದ ಪೂರ್ಣ ವರದಿಯನ್ನು 26ನೇ ನಿಯಮ ಕಡ್ಡಾಯಗೊಳಿಸಿತು. ತಜ್ಞನ ಎಲ್ಲ ಅಭಿಪ್ರಾಯಗಳು, ಅವುಗಳ ಕಾರಣಗಳು, ಪರಿಗಣಿಸಿದ ಮಾಹಿತಿ, ವಿಚಾರಣೆಯಲ್ಲಿ ತೋರಿಸಲಿರುವ ನಕ್ಷೆ-ಪಟ್ಟಿಗಳು, ಹಿಂದಿನ 10 ವರ್ಷಗಳ ಪ್ರಕಟಣೆಗಳು, ಹಿಂದಿನ 4 ವರ್ಷಗಳಲ್ಲಿ ತಜ್ಞನಾಗಿ ಸಾಕ್ಷಿ ನುಡಿದ ಪ್ರಕರಣಗಳು, ಈ ದಾವೆಗೆ ಪಡೆಯುತ್ತಿರುವ ಶುಲ್ಕ ಎಲ್ಲವೂ ಅದರಲ್ಲಿರಬೇಕು. ನ್ಯಾಯಾಲಯ ಬೇರೆ ಗಡುವು ಹಾಕದಿದ್ದರೆ ವಿಚಾರಣೆಗೆ 90 ದಿನ ಮುಂಚೆ ವರದಿ ಕೊಡಬೇಕು. ಅದನ್ನು ಖಂಡಿಸುವ ತಜ್ಞನ ವರದಿಗೆ 30 ದಿನಗಳ ಕಾಲಾವಕಾಶ. ಗಾಯಾಳುವಿಗೆ ಚಿಕಿತ್ಸೆ ಕೊಟ್ಟ ವೈದ್ಯನಂತೆ, ದಾವೆಗೆಂದು ನೇಮಕಗೊಳ್ಳದ ತಜ್ಞರ ವಿಷಯದಲ್ಲಿ ಸಾರಾಂಶ ಸಾಕೆಂದು 2010ರ ತಿದ್ದುಪಡಿ ಹೇಳಿತು. ವರದಿಯ ಕರಡುಗಳನ್ನೂ ವಕೀಲ-ತಜ್ಞರ ನಡುವಿನ ಹೆಚ್ಚಿನ ಪತ್ರವ್ಯವಹಾರವನ್ನೂ ಎದುರು ಪಕ್ಷ ಕೇಳಿ ಪಡೆಯದಂತೆ ರಕ್ಷಣೆ ಕೊಟ್ಟದ್ದೂ ಅದೇ ತಿದ್ದುಪಡಿ.

ತಿಳಿಸದೆ ಬಿಟ್ಟದ್ದಕ್ಕೆ ತೆರಬೇಕಾದ ಬೆಲೆ ದೊಡ್ಡದು. ತಕ್ಕ ಕಾರಣ ತೋರಿಸದಿದ್ದರೆ, ಅಥವಾ ಲೋಪದಿಂದ ಯಾರಿಗೂ ಹಾನಿಯಾಗಿಲ್ಲವೆಂದು ಮನಗಾಣಿಸದಿದ್ದರೆ, ವರದಿಯಲ್ಲಿಲ್ಲದ ಅಭಿಪ್ರಾಯವನ್ನು ತಜ್ಞ ವಿಚಾರಣೆಯಲ್ಲಿ ಹೇಳಲಾಗದು ಎನ್ನುತ್ತದೆ 37ನೇ ನಿಯಮ. ಕುಸಿದ ಚಾವಣಿಯ ದಾವೆಯೊಂದನ್ನು ಊಹಿಸಿಕೊಳ್ಳಿ. ಎಂಜಿನಿಯರ್ ತನ್ನ ವರದಿಯಲ್ಲಿ ಕಾಂಕ್ರೀಟಿನ ಗುಣಮಟ್ಟದ ಬಗ್ಗೆ ಮಾತ್ರ ಬರೆದಿದ್ದಾನೆ. ವಿಚಾರಣೆಯ ದಿನ ಕಬ್ಬಿಣದ ಸರಳುಗಳ ಅಂತರವೂ ತಪ್ಪಿತ್ತು ಎಂದು ಬಾಯಿ ತೆರೆದರೆ ಎದುರು ವಕೀಲ ಆಕ್ಷೇಪಿಸುತ್ತಾನೆ, ಆ ಮಾತು ಜ್ಯೂರಿಯವರೆಗೆ ಹೋಗುವುದು ಕಷ್ಟ. ಹೀಗೆ ವರದಿ ತಾನು ಸಾಕ್ಷ್ಯವಾಗದಿದ್ದರೂ ಸಾಕ್ಷ್ಯದ ಎಲ್ಲೆಯನ್ನು ಗುರುತಿಸುತ್ತದೆ.

ಜ್ಯೂರಿಯ ಮುಂದೆ ವರದಿಯನ್ನೇ ಇಟ್ಟು ಅದರ ಮಾತು ನಿಜವೆಂದು ಸಾಧಿಸಹೊರಟರೆ ಅದು ನ್ಯಾಯಾಲಯದ ಹೊರಗೆ ಆಡಿದ ಮಾತಾಗುತ್ತದೆ, ಅಂದರೆ ಅನುಶ್ರುತ ಸಾಕ್ಷ್ಯ. ಕಾಗದಕ್ಕೆ ಪಾಟೀಸವಾಲು ಹಾಕಲಾಗದು ಎಂಬುದೇ ಆಕ್ಷೇಪದ ತಿರುಳು. ವರದಿಯನ್ನು ಬರೆಸಿದ ಪಕ್ಷಕ್ಕೂ ಈ ನಿಷೇಧ ಅನ್ವಯಿಸುತ್ತದೆ. ಆದರೂ ವರದಿಗೆ ಒಳಬರುವ ದಾರಿಗಳಿವೆ. ತಜ್ಞ ಕಟಕಟೆಯಲ್ಲಿ ಬೇರೆ ರಾಗ ಎಳೆದರೆ ಪಾಟೀಸವಾಲಿನಲ್ಲಿ ಅವನ ವರದಿಯನ್ನೇ ಅವನ ಮುಂದೆ ಹಿಡಿದು, ಹಿಂದೆ ಹೀಗೆ ಬರೆದಿದ್ದಿರಲ್ಲ ಎಂದು ಕೇಳಬಹುದು. ಜ್ಯೂರಿಯಿಲ್ಲದೆ ನ್ಯಾಯಾಧೀಶರೇ ತೀರ್ಮಾನಿಸುವ ದಾವೆಗಳಲ್ಲಿ ಉಭಯ ಪಕ್ಷಗಳು ಒಪ್ಪಿ ವರದಿಗಳನ್ನು ನೇರವಾಗಿ ದಾಖಲೆಗೆ ಸೇರಿಸುವುದುಂಟು. ಪೂರ್ಣ ವಿಚಾರಣೆಯಿಲ್ಲದೆ ತೀರ್ಪು ಕೋರುವ ಅರ್ಜಿಗೆ ವರದಿಯನ್ನು ಲಗತ್ತಿಸುವಾಗ ತಜ್ಞನ ಪ್ರಮಾಣಪತ್ರವೂ ಜೊತೆಗಿರುವುದು ಕ್ಷೇಮ. ಬರೀ ಸಹಿ ಇರುವ ವರದಿಯನ್ನು ಹಲವು ನ್ಯಾಯಾಲಯಗಳು ಪಕ್ಕಕ್ಕಿಟ್ಟಿವೆ.

ಎಲ್ಲಕ್ಕಿಂತ ತೊಡಕಿನ ಪ್ರಶ್ನೆ ಕೈಬಿಟ್ಟ ತಜ್ಞನದು. ಪ್ರತಿವಾದಿ ಒಬ್ಬ ತಜ್ಞನನ್ನು ಹೆಸರಿಸಿ ವರದಿ ಕೊಡುತ್ತಾನೆ. ಆ ವರದಿಯ ಒಂದು ಪುಟ ವಾದಿಗೇ ಅನುಕೂಲವಾಗಿದೆ ಎಂದು ಗೊತ್ತಾದ ಮೇಲೆ ತಜ್ಞನನ್ನು ಕರೆಸುವುದೇ ಇಲ್ಲ. ಪ್ರತಿವಾದಿಯ ತಜ್ಞನ ಮಾತು ಪ್ರತಿವಾದಿಯ ಒಪ್ಪಿಗೆಯೇ ಅಲ್ಲವೇ ಎನ್ನುತ್ತಾನೆ ವಾದಿ. ಬಸ್ ಅಪಘಾತದ ತನಿಖೆಗೆ ತಯಾರಕ ಕಂಪನಿ ನೇಮಿಸಿದ್ದ ತಜ್ಞನ ಹೇಳಿಕೆ ಕಂಪನಿಯ ಒಪ್ಪಿಗೆಯೆಂದು 1980ರ ಕಾಲಿನ್ಸ್ ವಿರುದ್ಧ ವೇಯ್ನ್ ಕಾರ್ಪೊರೇಷನ್ ಪ್ರಕರಣದಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. 1995ರ ಕರ್ಕ್ ವಿರುದ್ಧ ರೇಮಾರ್ಕ್ ಎಂಬ ಆಸ್ಬೆಸ್ಟಾಸ್ ಪ್ರಕರಣದಲ್ಲಿ ಮೂರನೇ ಸರ್ಕ್ಯೂಟ್ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ಪ್ರತಿವಾದಿ ಕಂಪನಿಯ ತಜ್ಞನೊಬ್ಬ ಹಿಂದೆ ಬೇರೊಂದು ದಾವೆಯಲ್ಲಿ ನುಡಿದ ಸಾಕ್ಷ್ಯವನ್ನು ಅಲ್ಲಿ ಜ್ಯೂರಿಗೆ ಓದಿ ಹೇಳಲಾಗಿತ್ತು. ತಜ್ಞ ಶುಲ್ಕ ಪಡೆದರೂ ಅವನ ಅಭಿಪ್ರಾಯ ಪಕ್ಷದ ಹಿಡಿತದಲ್ಲಿರುವುದಿಲ್ಲ, ಆದ್ದರಿಂದ ಅವನು ಪಕ್ಷದ ಏಜೆಂಟನಲ್ಲ ಎಂದ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿತು. ಕರ್ಕ್ ತೀರ್ಪಿನ ತರ್ಕವೇ ಹೆಚ್ಚು ಗಟ್ಟಿಯಾದದ್ದು. ತಜ್ಞನನ್ನು ಪಕ್ಷದ ಬಾಯಿ ಎಂದು ಕಾನೂನೇ ಒಪ್ಪಿಕೊಂಡರೆ ಅವನಿಂದ ಸ್ವತಂತ್ರ ಅಭಿಪ್ರಾಯ ಕೇಳುವ ಅರ್ಥವೇ ಉಳಿಯದು.

ಹಾಗೆಂದು ಆ ತಜ್ಞನನ್ನು ವಾದಿಯೇ ಕರೆಸಲಾಗದು ಎಂದೇನಿಲ್ಲ. ಅನುಮತಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆದರೆ ಇವನನ್ನು ಮೊದಲು ನೇಮಿಸಿದ್ದು ಎದುರು ಪಕ್ಷ ಎಂದು ಜ್ಯೂರಿಗೆ ಸಾಮಾನ್ಯವಾಗಿ ಹೇಳಕೂಡದು ಎಂದು 1996ರ ಪೀಟರ್ಸನ್ ವಿರುದ್ಧ ವಿಲ್ಲಿ ಪ್ರಕರಣದಲ್ಲಿ ಹನ್ನೊಂದನೇ ಸರ್ಕ್ಯೂಟ್ ಎಚ್ಚರಿಸಿತು. ಆ ಒಂದು ಮಾತು ಅಭಿಪ್ರಾಯದ ತೂಕವನ್ನು ಅನ್ಯಾಯವಾಗಿ ಹೆಚ್ಚಿಸಬಲ್ಲದು.

ತಜ್ಞನ ವಿಧಾನ ನಂಬಲರ್ಹವೇ ಎಂಬುದು ಇನ್ನೊಂದು ಜರಡಿ. 1993ರ ಡಾಬರ್ಟ್ ತೀರ್ಪು ಆ ಹೊಣೆಯನ್ನು ನ್ಯಾಯಾಧೀಶರಿಗೆ ವಹಿಸಿತು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ 702ನೇ ಸಾಕ್ಷ್ಯ ನಿಯಮದ ತಿದ್ದುಪಡಿ ಅದನ್ನು ಸ್ಪಷ್ಟಪಡಿಸಿದೆ. ಈ ಪರೀಕ್ಷೆಯಲ್ಲಿ ನ್ಯಾಯಾಧೀಶರು ಹೆಚ್ಚಾಗಿ ಮೊದಲು ಓದುವುದು ಮುಂಗಡ ವರದಿಯನ್ನೇ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿನ ಸಿವಿಲ್ ನಿಯಮಗಳ 35.11ರ ಪ್ರಕಾರ, ಒಂದು ಪಕ್ಷ ತಜ್ಞನ ವರದಿಯನ್ನು ಪ್ರಕಟಪಡಿಸಿದ ಮೇಲೆ ಯಾವ ಪಕ್ಷ ಬೇಕಾದರೂ ಅದನ್ನು ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಬಹುದು. ಅಲ್ಲಿ ತಜ್ಞನ ಮೊದಲ ಕರ್ತವ್ಯ ನ್ಯಾಯಾಲಯಕ್ಕೆ. ಹಣ ಕೊಟ್ಟವರ ಮೇಲಿನ ಹೊಣೆ ಅದರ ನಂತರದ್ದು.

ಭಾರತದಲ್ಲಿ ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಟ್ಟದ್ದು 1872ರ ಸಾಕ್ಷ್ಯ ಕಾಯಿದೆಯ 45ನೇ ಕಲಂ. 2024ರ ಜುಲೈ 1ರಿಂದ ಆ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಇದೆ. ಪಕ್ಷವೊಂದು ತಾನೇ ತರಿಸಿದ ವರದಿ, ಉದಾಹರಣೆಗೆ ಕ್ರಯದ ಕರಾರಿನ ಸಹಿ ಬಗ್ಗೆ ಬರಹ ತಜ್ಞ ಕೊಟ್ಟದ್ದು, ತಾನಾಗಿ ಸಾಕ್ಷ್ಯವಾಗದು. ತಜ್ಞ ಬಂದು ಪಾಟೀಸವಾಲು ಎದುರಿಸಬೇಕೆಂದು ಸುಪ್ರೀಂ ಕೋರ್ಟ್ ಹಿಮಾಚಲ ಪ್ರದೇಶ ರಾಜ್ಯ ವಿರುದ್ಧ ಜೈ ಲಾಲ್ (1999) ಪ್ರಕರಣದಲ್ಲಿ ಹೇಳಿದೆ. ಅದು ಕ್ರಿಮಿನಲ್ ಪ್ರಕರಣವಾದರೂ ತತ್ತ್ವ ಒಂದೇ. ನ್ಯಾಯಾಲಯವೇ ನೇಮಿಸಿದ ಕೋರ್ಟ್ ಕಮಿಷನರ್ ವರದಿಯ ಸ್ಥಾನ ಮಾತ್ರ ಬೇರೆ. ಕರ್ನಾಟಕದ ಒತ್ತುವರಿ ದಾವೆಗಳಲ್ಲಿ ಸರ್ವೇಯರ್ ಕಮಿಷನರ್ ಆಗಿ ಜಮೀನಿಗೆ ಬಂದು, ಎರಡೂ ಕಡೆಯವರ ಸಮಕ್ಷಮ ಅಳತೆ ಮಾಡಿ, ಒತ್ತುವರಿಯಾದ ಗುಂಟೆಗಳನ್ನು ನಕ್ಷೆಯಲ್ಲಿ ಗುರುತಿಸಿ ಒಪ್ಪಿಸುವ ವರದಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 10ನೇ ನಿಯಮದಂತೆ, ದಾವೆಯಲ್ಲಿ ಸಾಕ್ಷ್ಯವೇ ಆಗುತ್ತದೆ. ವೈಜ್ಞಾನಿಕ ತನಿಖೆಗೆ ಕಮಿಷನರ್ ನೇಮಿಸುವ 10ಎ ನಿಯಮ 1976ರ ತಿದ್ದುಪಡಿಯಿಂದ ಸೇರಿತು. ಅಳತೆಯನ್ನು ಒಪ್ಪದ ಪಕ್ಷ ಆಕ್ಷೇಪಣೆ ಸಲ್ಲಿಸಬಹುದು. ನ್ಯಾಯಾಲಯದ ಅನುಮತಿ ಪಡೆದು ಕಮಿಷನರನ್ನೇ ಬಹಿರಂಗವಾಗಿ ವಿಚಾರಿಸಬಹುದು.