ಕೊಚ್ಚಿ, ತಿರುವನಂತಪುರಕ್ಕೆ ವಿಮಾನದಲ್ಲಿ ಹೊರಟಿದ್ದೀರಾ? ಕಿಟಕಿ ಸೀಟಿಗೆ ಹಣ ಕಟ್ಟುವ ಮುನ್ನ ಇದನ್ನು ತಿಳಿಯಿರಿ

ಬೆಂಗಳೂರಿನಿಂದ ಕೇರಳಕ್ಕೆ ವಿಮಾನ ಪ್ರಯಾಣವೆಂದರೆ ಸುಮಾರು ಒಂದು ಗಂಟೆ. ಅಷ್ಟರಲ್ಲೇ ಪಶ್ಚಿಮ ಘಟ್ಟ, ಹಿನ್ನೀರು, ಅರಬ್ಬಿ ಸಮುದ್ರ ಎಲ್ಲವೂ ಕಣ್ಣಿಗೆ ಬೀಳಬಹುದು. ಆದರೆ ಹೆಚ್ಚುವರಿ ಹಣ ಕೊಟ್ಟು ಕಿಟಕಿ ಸೀಟು ಪಡೆದರೂ ಅನೇಕರಿಗೆ ಕಾಣುವುದು ವಿಮಾನದ ರೆಕ್ಕೆ ಮಾತ್ರ. ಹಾಗಾದರೆ ಯಾವ ಸೀಟು ಆರಿಸಬೇಕು? ಇಲ್ಲಿದೆ ಮಾಹಿತಿ.

ಎಡ ಯಾವುದು, ಬಲ ಯಾವುದು?

ಈ ಮಾರ್ಗದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320, ಬೋಯಿಂಗ್ 737 ಮಾದರಿಯ ವಿಮಾನಗಳಲ್ಲಿ 'ಎ' ಎಡಬದಿಯ ಕಿಟಕಿ ಸೀಟು, 'ಎಫ್' ಬಲಬದಿಯದ್ದು. ದಕ್ಷಿಣಕ್ಕೆ ಮುಖ ಮಾಡಿದರೆ ಪಶ್ಚಿಮ ಬಲಗೈಗೆ ಬರುತ್ತದೆ. ಹಾಗಾಗಿ ಕೇರಳದ ಮೇಲೆ ದಕ್ಷಿಣಕ್ಕೆ ಹಾರುವಾಗ ಕಡಲು 'ಎಫ್' ಕಡೆ, ಘಟ್ಟ 'ಎ' ಕಡೆ. ವಾಪಸ್ ಬರುವಾಗ ಇದು ತಿರುವುಮುರುವು.

ಬೆಂಗಳೂರು–ಕೊಚ್ಚಿ

ಈ ಎರಡು ಊರುಗಳ ನಡುವಿನ ನೇರ ಗೆರೆ ಕೊಯಮತ್ತೂರು ಸಮೀಪ ಹಾದುಹೋಗುತ್ತದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಇರುವ ನೀಲಗಿರಿ ಬಲಕ್ಕೆ ಸಿಗುತ್ತದೆ. ಪಾಲಕ್ಕಾಡ್ ಕಣಿವೆ ದಾಟಿದ ಮೇಲೆ ಆನೆಮಲೆ ಮತ್ತು ಮುನ್ನಾರ್ ಬೆಟ್ಟಸಾಲು ಎಡಕ್ಕೆ. 2,695 ಮೀಟರ್ ಎತ್ತರದ ಆನಮುಡಿ ಇರುವುದು ಇಲ್ಲೇ.

ನೆಡುಂಬಾಶ್ಶೇರಿ ನಿಲ್ದಾಣದ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ವಿಮಾನ ಪಶ್ಚಿಮದಿಂದ ಇಳಿದರೆ ಚೆರಾಯಿ ಭಾಗದ ಕಡಲತೀರ, ಹಿನ್ನೀರು ದಾಟಿ ಬರುತ್ತದೆ. ಆಗ ಕೊಚ್ಚಿ ನಗರ ಇರುವುದು ಬಲಬದಿಗೆ. ಪೂರ್ವದಿಂದ ಇಳಿದರೆ ಕಡಲಿನ ಬದಲು ಹಸಿರು ಗುಡ್ಡ, ತೋಟಗಳು ಕಾಣುತ್ತವೆ.

ಕೊಚ್ಚಿಯಿಂದ ತಿರುವನಂತಪುರದತ್ತ

ಇಲ್ಲಿ 'ಎಫ್' ಸೀಟೇ ಉತ್ತಮ. ವೆಂಬನಾಡ್ ಸರೋವರ, ಕೊಲ್ಲಂ ಬಳಿಯ ಅಷ್ಟಮುಡಿ ಸರೋವರ, ಅದರಾಚೆ ಸಮುದ್ರ, ಮೂರೂ ಬಲಕ್ಕಿವೆ. ಎಡಕ್ಕೆ ಕುಳಿತವರಿಗೆ ಇಡುಕ್ಕಿ ಕಡೆಯ ಬೆಟ್ಟಗಳು, ಕೊನೆಗೆ 1,868 ಮೀಟರ್ ಎತ್ತರದ ಅಗಸ್ತ್ಯಕೂಡಂ.

ತಿರುವನಂತಪುರ ನಿಲ್ದಾಣ ಕಡಲಿಗೆ ಅಂಟಿಕೊಂಡಂತಿದ್ದು, ರನ್‌ವೇ ಹೆಚ್ಚುಕಡಿಮೆ ಕರಾವಳಿಗೆ ಸಮಾನಾಂತರವಾಗಿದೆ. ಆದ್ದರಿಂದ ಗಮನಿಸಿ: ವಾಯವ್ಯದಿಂದ ಇಳಿದರೆ ಕಡಲು ಬಲಕ್ಕೆ, ಕೋವಳಂ ಕಡೆಯಿಂದ ತಿರುಗಿ ಬಂದು ಇಳಿದರೆ ಎಡಕ್ಕೆ. ಗಾಳಿಯ ದಿಕ್ಕು ನೋಡಿ ಇದನ್ನು ನಿರ್ಧರಿಸಲಾಗುತ್ತದೆ. ಅದೇ ವಿಮಾನ ಹಿಂದಿನ ದಿನಗಳಲ್ಲಿ ಹೇಗೆ ಇಳಿದಿದೆ ಎಂಬುದನ್ನು ಫ್ಲೈಟ್‌ರಾಡಾರ್24 ನಂತಹ ಆ್ಯಪ್‌ನಲ್ಲಿ ನೋಡಿದರೆ ಅಂದಾಜು ಸಿಗುತ್ತದೆ.

ಎಷ್ಟನೇ ಸಾಲು?

* ರೆಕ್ಕೆಗಿಂತ ಮುಂದಿನ ಸಾಲುಗಳಲ್ಲಿ ನೋಟ ಸ್ವಚ್ಛ. ಮಧ್ಯದ ಸಾಲುಗಳಲ್ಲಿ ಕೆಳಗಿನ ನೆಲವನ್ನು ರೆಕ್ಕೆ ಮುಚ್ಚುತ್ತದೆ.
* ತೀರಾ ಹಿಂದಿನ ಸಾಲುಗಳಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಎಂಜಿನ್‌ನ ಬಿಸಿಗಾಳಿಯಿಂದ ಫೋಟೋ ಮಸುಕಾಗಬಹುದು.
* ಕೆಲವು ಬೋಯಿಂಗ್ 737 ವಿಮಾನಗಳಲ್ಲಿ ರೆಕ್ಕೆಗೆ ತುಸು ಮುಂದಿನ ಎಡಬದಿಯ ಒಂದು ಸಾಲಿಗೆ ಕಿಟಕಿಯೇ ಇರುವುದಿಲ್ಲ. ಎಸಿ ಗಾಳಿಯ ಕೊಳವೆ ಅಲ್ಲಿ ಹಾದುಹೋಗಿರುವುದೇ ಕಾರಣ. ಹಣ ಕಟ್ಟುವ ಮೊದಲು ಸೀಟ್ ಮ್ಯಾಪ್ ಪರಿಶೀಲಿಸಿ.
* ಚಿಕ್ಕ ಎಟಿಆರ್ ವಿಮಾನದಲ್ಲಿ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ. ಹೀಗಾಗಿ ಬಹುತೇಕ ಎಲ್ಲ ಸಾಲುಗಳಿಂದಲೂ ನೆಲ ಕಾಣುತ್ತದೆ.

ಸಮಯವೂ ಮುಖ್ಯ

ಬೆಳಗ್ಗೆ ದಕ್ಷಿಣಕ್ಕೆ ಹಾರುವಾಗ ಬಿಸಿಲು ಎಡಕ್ಕೆ ರಾಚುತ್ತದೆ, ಬಲಕ್ಕೆ ನೋಟ ತಿಳಿಯಾಗಿರುತ್ತದೆ. ಸಂಜೆಯ ವಿಮಾನದಲ್ಲಿ ಕಡಲ ಮೇಲಿನ ಸೂರ್ಯಾಸ್ತವೂ ಬಲಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಮೋಡವೇ ಹೆಚ್ಚು. ಆ ತಿಂಗಳುಗಳಲ್ಲಿ ಸೀಟಿಗಾಗಿ ಹೆಚ್ಚುವರಿ ಹಣ ಕೊಡುವ ಮುನ್ನ ಯೋಚಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ಸಾಮಾನ್ಯವಾಗಿ ಶುಭ್ರವಾಗಿರುತ್ತದೆ.

ಹೋಗುವಾಗ, ಬರುವಾಗ ಎರಡೂ ಕಡೆ ಹಣ ಕೊಡಲು ಇಷ್ಟವಿಲ್ಲದಿದ್ದರೆ ಒಂದು ಬದಿಗೆ ಮಾತ್ರ ಕೊಡಿ. ಕೊಚ್ಚಿಗೆ ಇಳಿದು, ರೈಲಿನಲ್ಲಿ ಸುತ್ತಾಡಿ, ತಿರುವನಂತಪುರದಿಂದ ಮರಳುವವರಾದರೆ ವಾಪಸ್ ಪ್ರಯಾಣಕ್ಕೆ ಹಣ ಉಳಿಸಿಕೊಳ್ಳಿ. ಕಡಲ ಪಕ್ಕದಿಂದಲೇ ಮೇಲೇರುವ ಆ ಕೆಲವು ನಿಮಿಷಗಳೇ ಈ ಪ್ರವಾಸದ ಅತ್ಯುತ್ತಮ ನೋಟ.