ಡಂಗುರದಿಂದ ಆಪದ ಮಿತ್ರದವರೆಗೆ: ಕೃಷ್ಣಾ–ಭೀಮಾ ತೀರದ ನೆರವಿನ ಚರಿತ್ರೆ

ರಾಜರು ಗೆದ್ದ ಯುದ್ಧಗಳ ಇಸವಿಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹೊಳೆ ಬಂದು ಊರು ಮುಳುಗಿದ ಇಸವಿಗಳನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಚರಿತ್ರೆ ಎಂದೊಡನೆ ನೆನಪಾಗುವುದು ಯಾದಗಿರಿಯ ಕೋಟೆ, ಗೋಗಿಯಲ್ಲಿರುವ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳು, 1858ರ ಸುರಪುರದ ರಾಜಾ ವೆಂಕಟಪ್ಪ ನಾಯಕ. ಇವೆಲ್ಲ ನೆನಪಿಡಬೇಕಾದವೇ. ಆದರೆ ಇದೇ ನೆಲದಲ್ಲಿ ಇನ್ನೊಂದು ಚರಿತ್ರೆಯೂ ಇದೆ. ಆಪತ್ತು ಬಂದಾಗ ಯಾರು ಯಾರನ್ನು ಎಚ್ಚರಿಸಿದರು, ಯಾರು ಯಾರನ್ನು ದಡ ಸೇರಿಸಿದರು ಎಂಬ ಚರಿತ್ರೆ ಅದು. ಅದನ್ನು ಅರಿಯದೆ ಮುಂದಿನ ಆಪತ್ತಿಗೆ ಸಿದ್ಧರಾಗುವುದು ಕಷ್ಟ.

ಎರಡು ಹೊಳೆಗಳ ನಡುವಿನ ಸೀಮೆ

ಈ ಸೀಮೆಯ ಸಂಕಟವೇ ವಿಚಿತ್ರ. ಇಲ್ಲಿ ಮಳೆ ಕಡಿಮೆ, ಬರ ಹೆಚ್ಚು. ಆದರೂ ಪ್ರವಾಹ ತಪ್ಪಿದ್ದಲ್ಲ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಎರಡೂ ಸಹ್ಯಾದ್ರಿಯ ಮಳೆ ನೀರನ್ನು ಹೊತ್ತು ಬರುತ್ತವೆ. ಸುರಪುರದ ರೈತ ಮುಗಿಲು ನೋಡುತ್ತಾ ಕುಳಿತಿರುವಾಗಲೇ ಅವನ ಹೊಲದ ಬದುವಿಗೆ ಕೃಷ್ಣೆಯ ನೀರು ಬಂದು ನಿಂತಿರಬಹುದು. ತನ್ನ ತಲೆಯ ಮೇಲೆ ಬೀಳದ ಮಳೆಗೆ ತನ್ನ ಮನೆ ಕಳೆದುಕೊಳ್ಳುವ ಪ್ರಸಂಗ ಇಲ್ಲಿನವರಿಗೆ ಹೊಸದಲ್ಲ.

ಹಾಗಾಗಿ ಇಲ್ಲಿನ ಜನ ಮುಗಿಲಿಗಿಂತ ಹೊಳೆಯನ್ನೇ ಓದಲು ಕಲಿತರು. ನೀರಿನ ಬಣ್ಣ ಕೆಂಪಾಯಿತೇ, ಕಸಕಡ್ಡಿ ತೇಲಿ ಬರುತ್ತಿದೆಯೇ, ನಿನ್ನೆ ಕಾಣುತ್ತಿದ್ದ ಬಂಡೆ ಇಂದು ಮುಳುಗಿತೇ ಎಂದು ನೋಡುವುದು ದಡದವರ ನಿತ್ಯದ ಅಭ್ಯಾಸವಾಗಿತ್ತು. ಸುದ್ದಿ ಮುಟ್ಟಿಸಲು ಡಂಗುರ ಇತ್ತು. ದಾಟಿಸಲು ಹರಿಗೋಲು ಇತ್ತು. ಅದನ್ನು ನಡೆಸಲು ಅಂಬಿಗರಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿದ್ದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದ ಆ ದೋಣಿಗಳು ಸುತ್ತುತ್ತಲೇ ಸಾಗುತ್ತಿದ್ದವಂತೆ. ಅದೇ ಮಾದರಿಯ ತೆಪ್ಪಗಳು ಇಪ್ಪತ್ತೊಂದನೆಯ ಶತಮಾನದಲ್ಲೂ ಕೃಷ್ಣೆಯ ನಡುಗಡ್ಡೆಗಳ ಜನರನ್ನು ದಾಟಿಸಿವೆ.

ಈ ವಿದ್ಯೆಗೆ ಶಾಲೆ ಇರಲಿಲ್ಲ. ತಂದೆ ಮಗನಿಗೆ, ಅಣ್ಣ ತಮ್ಮನಿಗೆ ಕಲಿಸಿದ. ಸ್ವಯಂಸೇವಕ ಎಂಬ ಹೆಸರಿಲ್ಲದ ಸ್ವಯಂಸೇವಕರು ಅವರು. ಹೊಳೆಯಲ್ಲಿ ಮುಳುಗುವವನ ಜಾತಿ, ಧರ್ಮ ಕೇಳಿಕೊಂಡು ಯಾವ ಅಂಬಿಗನೂ ನೀರಿಗಿಳಿಯಲಿಲ್ಲ. ಕೃಷ್ಣೆಯ ದಡದ ತಿಂಥಣಿ ಮೌನೇಶ್ವರನ ಸನ್ನಿಧಿಗೆ ಹಿಂದೂಗಳೂ ಮುಸ್ಲಿಮರೂ ಹೋಗುತ್ತಾರೆ, ಹಳ್ಳಿಗಳಲ್ಲಿ ಮೊಹರಂ ಅಲಾಯಿಯನ್ನು ಎಲ್ಲರೂ ಸೇರಿ ಆಡುತ್ತಾರೆ. ಇಂಥ ನಾಡಿನಲ್ಲಿ ಅದು ಸಹಜವೂ ಆಗಿತ್ತು.

1908ರ ಪಾಠ

ಈ ಮೂರೂ ತಾಲ್ಲೂಕುಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನಕ್ಕೆ ಪ್ರವಾಹ ಎಂದರೇನು ಎಂದು ಕಲಿಸಿದ್ದು 1908ರ ಸೆಪ್ಟೆಂಬರ್ 28. ಅಂದು ಮೂಸಿ ನದಿ ಹೈದರಾಬಾದ್ ನಗರಕ್ಕೆ ನುಗ್ಗಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಸೆ ಮರವೊಂದನ್ನು ಏರಿ ನೂರೈವತ್ತು ಜನ ಬದುಕಿಕೊಂಡರೆಂಬುದು ಇಂದಿಗೂ ಅಲ್ಲಿನವರ ಬಾಯಲ್ಲಿದೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ಒಂದೇ ಪ್ರವಾಹದಲ್ಲಿ ತಾಯಿ, ಹೆಂಡತಿ ಮತ್ತು ಮಗಳನ್ನು ಕಳೆದುಕೊಂಡರು. ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ನಿರಾಶ್ರಿತರಿಗೆ ಅರಮನೆಯ ಬಾಗಿಲು ತೆರೆಸಿದರು.

ಅನಂತರ ನಡೆದದ್ದು ಇನ್ನೂ ಮುಖ್ಯ. 1909ರಲ್ಲಿ ಸಂಸ್ಥಾನ ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಸಲಹೆಯಂತೆ ಉಸ್ಮಾನ್ ಸಾಗರ್ 1920ರಲ್ಲೂ ಹಿಮಾಯತ್ ಸಾಗರ್ 1927ರಲ್ಲೂ ಸಿದ್ಧವಾದವು. ಪ್ರವಾಹ ವಿಧಿಯಲ್ಲ, ಲೆಕ್ಕ ಹಾಕಿ ತಡೆಯಬಹುದಾದ ಸಂಗತಿ ಎಂಬ ತಿಳಿವಳಿಕೆ ಆಡಳಿತಕ್ಕೆ ಬಂತು. ಆದರೆ ಈ ತಿಳಿವಳಿಕೆ ಎಂಜಿನಿಯರರ ಕಚೇರಿಯಲ್ಲೇ ಉಳಿಯಿತು. ದೂರದ ಜಿಲ್ಲೆಗಳ ಹಳ್ಳಿಗಳ ಪಾಲಿಗೆ ಮೊದಲಿನಂತೆ ಡಂಗುರ ಮತ್ತು ಹರಿಗೋಲುಗಳೇ ಗತಿಯಾದವು.

ಅಣೆಕಟ್ಟು ಬಂದ ಮೇಲೆ

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಬಂತು. ಅದರ ಮೇಲ್ಭಾಗದಲ್ಲಿ ಆಲಮಟ್ಟಿ ಎದ್ದಿತು. ಅತ್ತ ಭೀಮೆಗೆ ಮಹಾರಾಷ್ಟ್ರದಲ್ಲಿ ಉಜನಿ, ನಮ್ಮಲ್ಲಿ ಸೊನ್ನ ಬ್ಯಾರೇಜು. ಕಾಲುವೆ ನೀರು ಸುರಪುರ, ಶಹಾಪುರದ ಬರದ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಇದು ದೊಡ್ಡ ಉಪಕಾರ, ಅಲ್ಲಗಳೆಯಲಾಗದು.

ಆದರೆ ನಾವು ಗಮನಿಸದ ಒಂದು ಬದಲಾವಣೆಯೂ ಆಯಿತು. ಹೊಳೆ ಈಗ ತನ್ನಷ್ಟಕ್ಕೆ ಏರುವುದಿಲ್ಲ, ಗೇಟು ತೆರೆದಾಗ ಏರುತ್ತದೆ. ನೀರಿನ ಬಣ್ಣ ನೋಡಿ ಹೇಳುತ್ತಿದ್ದ ಅಜ್ಜನ ಕಣ್ಣಿಗೆ ಗೇಟಿನ ಲೆಕ್ಕ ಕಾಣುವುದಿಲ್ಲ. ಎಚ್ಚರಿಕೆ ಎಂಬುದು ದಡದ ಜನರ ಕೈತಪ್ಪಿ ಕಚೇರಿಯ ದೂರವಾಣಿಗೆ ಹೋಯಿತು. ಅಲ್ಲಿಂದ ಅದು ತಹಶೀಲ್ದಾರರಿಗೆ, ಅವರಿಂದ ಪಂಚಾಯ್ತಿಗೆ, ಪಂಚಾಯ್ತಿಯಿಂದ ಮತ್ತೆ ಅದೇ ಹಳೆಯ ಡಂಗುರದವನಿಗೆ ಬರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಳ್ಳಿ ಕುರುಡಾಗುತ್ತದೆ. ಹಳೆಯ ವಿದ್ಯೆ ಹೋಯಿತು, ಹೊಸ ವಿದ್ಯೆಯನ್ನು ಜನರಿಗೆ ಯಾರೂ ಕಲಿಸಲಿಲ್ಲ. ಕಳೆದ ನಾಲ್ಕು ದಶಕಗಳ ಅನೇಕ ದುರಂತಗಳ ಬೇರು ಇಲ್ಲಿದೆ ಎಂದು ನಮಗೆ ತೋರುತ್ತದೆ.

ಇದಕ್ಕೆ ಗುಳೆಯ ಸಂಗತಿಯನ್ನೂ ಸೇರಿಸಬೇಕು. ಈ ಮೂರು ತಾಲ್ಲೂಕುಗಳಿಂದ ದುಡಿಯುವ ವಯಸ್ಸಿನವರು ಬೆಂಗಳೂರು, ಮುಂಬೈ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಈಜು ಬಲ್ಲ ತೋಳುಗಳು ಊರಲ್ಲಿಲ್ಲದಾಗಲೂ ಹೊಳೆ ಬರುತ್ತದೆ.

ಮಾಳಿಗೆ ಮನೆಗಳು ಹೇಳಿದ ಕಥೆ

ಆಪತ್ತು ಹೊಳೆಯಿಂದ ಮಾತ್ರ ಬರುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಮನೆ. ಗಟ್ಟಿಯಾಗಿ ಬಂಧವಿಲ್ಲದ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ನಮ್ಮ ಸೀಮೆಯ ಹಳೆಯ ಮನೆಗಳೂ ಇದೇ ಬಗೆಯವು.

ಹದಿನಾರು ವರ್ಷಗಳ ಅನಂತರ ಅದೇ ಮಾಳಿಗೆ ಇನ್ನೊಂದು ರೀತಿಯಲ್ಲಿ ಕಾಡಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆ ಬಿಡದೆ ಸುರಿಯಿತು. ಈ ಸಲ ನೀರು ಸಹ್ಯಾದ್ರಿಯಿಂದ ಬಂದದ್ದಲ್ಲ, ನೇರ ತಲೆಯ ಮೇಲೆಯೇ ಬಿದ್ದದ್ದು. ನೆನೆದ ಮಾಳಿಗೆಯ ಮಣ್ಣು ಭಾರವಾಯಿತು, ಗೋಡೆಯ ಬುಡ ಕರಗಿತು, ಮನೆಗಳು ಕೂತವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಳೆ ಎರಡು ದಿನ ನಿಲ್ಲದಿದ್ದರೆ ಮಾಳಿಗೆ ಮನೆಯಲ್ಲಿ ಮಲಗಬಾರದು, ಶಾಲೆಯಲ್ಲೋ ಮಸೀದಿ, ಮಠ, ಗುಡಿಗಳಲ್ಲೋ ರಾತ್ರಿ ಕಳೆಯಬೇಕು ಎಂಬ ಒಂದು ಮಾತು ಹಳ್ಳಿ ಹಳ್ಳಿಗೆ ಮುಟ್ಟಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವು!

ಆಗ ಈ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು ಅದೇ ವರ್ಷದ ಡಿಸೆಂಬರ್ 30ರಂದು. ಜಿಲ್ಲಾಡಳಿತ ಹತ್ತಿರ ಬಂತು. ಆಪತ್ತಿನ ಮೊದಲ ಗಂಟೆಯಲ್ಲಿ ಮಾತ್ರ ಇಂದಿಗೂ ಪಕ್ಕದ ಮನೆಯವನಿಗಿಂತ ಹತ್ತಿರದವರು ಯಾರೂ ಇಲ್ಲ.

ಧೈರ್ಯವನ್ನು ಹೊಗಳಿ ಮರೆಯುವ ನಾವು

ಎರಡು ಘಟನೆಗಳನ್ನು ನೆನಪಿಸಿಕೊಳ್ಳೋಣ. 2014ರ ಜುಲೈ ಕೊನೆಯಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿಂದ ಒಂಬತ್ತು ತಿಂಗಳ ಗರ್ಭಿಣಿಯೊಬ್ಬಳು ತುಂಬಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದಳು. ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಅಣ್ಣತಮ್ಮಂದಿರ ಮತ್ತು ತಂದೆಯ ಬೆಂಗಾವಲಿನಲ್ಲಿ ಸುಮಾರು ಒಂದು ಕಿಲೋಮೀಟರ್ ಈಜಿದಳು. ಆಸ್ಪತ್ರೆಯಲ್ಲಿ ಹೆರಿಗೆಯಾಗಬೇಕೆಂಬುದಷ್ಟೇ ಅವಳ ಆಸೆ. ಸುದ್ದಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು.

2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಆಚೆ ದಡದ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯಲ್ಲಿ, ಯಾದಗಿರಿ ಜಿಲ್ಲೆಯ ಹಳ್ಳಿಯೊಂದಕ್ಕೆ ಸೇರಿದ ಮಹಿಳೆಯ ಶವ ಮತ್ತು ಮಕ್ಕಳಿದ್ದ ಆಂಬುಲೆನ್ಸ್ ಮುಳುಗಿದ ಸೇತುವೆಯ ಮುಂದೆ ನಿಂತಿತು. ಹನ್ನೆರಡು ವರ್ಷದ ಬಾಲಕನೊಬ್ಬ ಸೊಂಟದ ಮಟ್ಟದ ನೀರಿನಲ್ಲಿ ಮುಂದೆ ಓಡುತ್ತಾ ದಾರಿ ತೋರಿಸಿದ. ಆಂಬುಲೆನ್ಸ್ ದಾಟಿತು. ಬಾಲಕನಿಗೆ ಸನ್ಮಾನ, ಪ್ರಶಸ್ತಿ ದೊರೆತವು.

ಇಬ್ಬರ ಧೈರ್ಯಕ್ಕೂ ನಾವು ತಲೆಬಾಗುತ್ತೇವೆ. ಆದರೆ ಚಪ್ಪಾಳೆಯ ಸದ್ದಿನಲ್ಲಿ ಒಂದು ಪ್ರಶ್ನೆ ಮುಳುಗಿಹೋಯಿತು. ಆ ಗರ್ಭಿಣಿಯನ್ನು ಹೊಳೆ ತುಂಬುವ ಮೊದಲೇ ದಡಕ್ಕೆ ಕರೆತರಬೇಕಾದವರು ಯಾರು? ಆ ಸೇತುವೆಯ ಬಾಯಲ್ಲಿ ಹಗ್ಗ ಕಟ್ಟಿ ವಾಹನಗಳನ್ನು ತಡೆಯಬೇಕಾದವರು ಯಾರು? ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಕೆಡವಬಲ್ಲದು. ಎರಡು ಅಡಿ ನೀರು ಸಾಕು, ಕಾರು, ಜೀಪುಗಳು ತೇಲುತ್ತವೆ. ಆ ಬಾಲಕನ ಹೆಜ್ಜೆ ಒಂದು ಅಡಿ ತಪ್ಪಿದ್ದರೆ ನಾವು ಪ್ರಶಸ್ತಿಯ ಬದಲು ಪರಿಹಾರದ ಚೆಕ್ಕಿನ ಸುದ್ದಿ ಓದುತ್ತಿದ್ದೆವು.

ಹೊರಗಿನ ಜಗತ್ತು ಕಲಿತದ್ದು

ಇದೇ ಪ್ರಶ್ನೆಗೆ ಲೋಕದ ಬೇರೆಡೆ ಉತ್ತರ ಹುಡುಕಿದ್ದಾರೆ. 1985ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ನಗರದಲ್ಲಿ ಭೂಕಂಪವಾದಾಗ ಸಾಮಾನ್ಯ ಜನರೇ ಅವಶೇಷಗಳೊಳಗೆ ನುಗ್ಗಿ ಸುಮಾರು 800 ಜನರನ್ನು ಉಳಿಸಿದರು. ಆದರೆ ತರಬೇತಿಯಿಲ್ಲದ ಆ ಸ್ವಯಂಸೇವಕರಲ್ಲಿ ನೂರರಷ್ಟು ಮಂದಿ ಸ್ವತಃ ಸತ್ತರು. ಇದನ್ನು ಕಂಡ ಲಾಸ್ ಏಂಜಲೀಸ್ ಅಗ್ನಿಶಾಮಕ ಇಲಾಖೆ ತನ್ನ ನಗರದ ನೆರೆಹೊರೆಯವರಿಗೇ ತುರ್ತು ನೆರವಿನ ತರಬೇತಿ ಕೊಡಲು ಆರಂಭಿಸಿತು. ಅದು ಮುಂದೆ ಅಮೆರಿಕ ದೇಶವಿಡೀ ಹಬ್ಬಿತು.

ನಮಗೆ ಇನ್ನೂ ಹತ್ತಿರದ ಮಾದರಿ ಬಾಂಗ್ಲಾದೇಶ. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಅನಂತರ ರೆಡ್ ಕ್ರಾಸ್ ಮತ್ತು ಸರಕಾರ ಸೇರಿ ಹಳ್ಳಿಗಳಲ್ಲಿ ಸ್ವಯಂಸೇವಕರ ಪಡೆ ಕಟ್ಟಿದವು. ಸೈಕಲ್ಲು, ಮೆಗಾಫೋನು, ಬಾವುಟ, ಇವೇ ಅವರ ಆಯುಧ. 1991ರ ಚಂಡಮಾರುತ 1.38 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಂಗಸರೇ ಹೆಚ್ಚು. ಎಚ್ಚರಿಕೆ ಗಂಡಸರಿಂದ ಗಂಡಸರಿಗೆ ಹೋಗುತ್ತಿತ್ತು, ಮನೆಯೊಳಗಿನ ಹೆಣ್ಣಿಗೆ ತಲುಪುತ್ತಿರಲಿಲ್ಲ. ಇಂದು ಮುಕ್ಕಾಲು ಲಕ್ಷ ದಾಟಿರುವ ಆ ಪಡೆಯಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆ. 2007ರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಮೂರೂವರೆ ಸಾವಿರದ ಆಸುಪಾಸು. ಅದೂ ಸಣ್ಣ ಸಂಖ್ಯೆಯಲ್ಲ, ಆದರೆ ಮೊದಲಿನ ಲಕ್ಷಗಳೆಲ್ಲಿ, ಇದೆಲ್ಲಿ? ಬಡ ದೇಶವೊಂದು ಹಣದಿಂದಲ್ಲ, ಸಂಘಟನೆಯಿಂದ ಸಾಧಿಸಿದ್ದು ಇದು. ಮುಸ್ಲಿಂ ಮಹಿಳೆ ಮನೆಯ ಹೊರಗೆ ಸೇವೆಗೆ ನಿಲ್ಲಬಹುದೇ ಎಂದು ಕೇಳುವವರಿಗೂ ಅಲ್ಲಿ ಉತ್ತರವಿದೆ.

ಕಾನೂನು ಇದೆ, ಕೈಗಳು ಬೇಕು

ನಮ್ಮಲ್ಲೂ ಪ್ರಯತ್ನಗಳಿವೆ. ಗೃಹರಕ್ಷಕ ದಳ 1946ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಅದಕ್ಕೆ 1962ರ ಕಾಯ್ದೆಯಿದೆ. 2004ರ ಸುನಾಮಿಯ ಮರುವರ್ಷ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ ಪ್ರಕಾರ ಜಿಲ್ಲಾಧಿಕಾರಿಯೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಸ್ಥಳೀಯ ಸಂಸ್ಥೆಗಳು ತಮ್ಮ ಅಧಿಕಾರಿಗಳಿಗೂ ನೌಕರರಿಗೂ ತರಬೇತಿ ಕೊಡಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಗ್ರಾಮ ಪಂಚಾಯ್ತಿಯೂ ಸ್ಥಳೀಯ ಸಂಸ್ಥೆಯೇ. ನಿಮ್ಮ ಪಂಚಾಯ್ತಿಯ ನೀರುಗಂಟಿಗೆ, ಬಿಲ್ ಕಲೆಕ್ಟರಿಗೆ ಅಂಥ ತರಬೇತಿ ಆಗಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗೆಲ್ಲರಿಗೂ ಇದೆ.

2016ರಲ್ಲಿ ಕೇಂದ್ರ ಸರಕಾರ ‘ಆಪದ ಮಿತ್ರ’ ಯೋಜನೆಯನ್ನು ದೇಶದ 30 ಪ್ರವಾಹಪೀಡಿತ ಜಿಲ್ಲೆಗಳಲ್ಲಿ ಆರಂಭಿಸಿತು. ಜಿಲ್ಲೆಗೆ 200 ಸ್ವಯಂಸೇವಕರು, 12 ದಿನಗಳ ತರಬೇತಿ, ಪ್ರತಿಯೊಬ್ಬರಿಗೂ ರಕ್ಷಣಾ ಸಲಕರಣೆಗಳ ಕಿಟ್ಟು. 2021ರಲ್ಲಿ ಇದನ್ನು 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಲಾಯಿತು. ಆಮೇಲೆ ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್ ಯುವಜನರಿಗಾಗಿ ಯುವ ಆಪದ ಮಿತ್ರ ಬಂತು. ಒಳ್ಳೆಯದೇ. ಆದರೆ ಇಡೀ ಜಿಲ್ಲೆಗೆ ಕೆಲವು ನೂರು ಜನ ಎಂದರೆ ಎಷ್ಟೋ ಹಳ್ಳಿಗಳಿಗೆ ಒಬ್ಬರೂ ಸಿಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಕೋವಿಡ್ ನಡುವೆಯೇ ಭೀಮೆ ಉಕ್ಕಿ ವಿಜಯಪುರ, ಕಲಬುರಗಿ, ಯಾದಗಿರಿಯ ದಡದ ಹಳ್ಳಿಗಳನ್ನು ಮುಳುಗಿಸಿದಾಗ ಎಷ್ಟು ಕೈಗಳು ಬೇಕಾಗುತ್ತವೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಹಾಗಾದರೆ ಒಂದು ಹಳ್ಳಿಗೆ ಬೇಕಾದದ್ದೇನು? ಹತ್ತು ಜನ ಸಾಕು, ಅವರಲ್ಲಿ ಐವರು ಹೆಂಗಸರಿರಲಿ. ಅಂಬಿಗರ ಮನೆಯ ಒಬ್ಬರು, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಟ್ರ್ಯಾಕ್ಟರ್ ಇರುವ ಒಬ್ಬರು ಸೇರಲಿ. ಬಸುರಿಯರು, ಹಾಸಿಗೆ ಹಿಡಿದವರು, ಒಂಟಿ ಮುದುಕರ ಪಟ್ಟಿ ಮೇ ತಿಂಗಳಲ್ಲೇ ಸಿದ್ಧವಾಗಲಿ. ದಪ್ಪ ಹಗ್ಗ, ಗಾಳಿ ತುಂಬಿದ ಟ್ಯೂಬು, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ ಒಂದೆಡೆ ಇರಲಿ. ಹೊಳೆ ಬಂದಾಗ ಹಾವುಗಳೂ ಮನೆಗೆ ಬರುತ್ತವೆ. ಕಚ್ಚಿದ ಜಾಗವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕೆಂಬುದು ಪ್ರತಿ ಮನೆಗೂ ತಿಳಿದಿರಲಿ. ಮಸೀದಿಯ ಮೈಕು, ಗುಡಿಯ ಗಂಟೆ ಎರಡೂ ಒಂದೇ ಎಚ್ಚರಿಕೆಯನ್ನು ಸಾರಲಿ.

ನಮ್ಮ ಯುವಕರು ಆಪತ್ತು ಮುಗಿದ ಮೇಲೆ ಅಕ್ಕಿ, ಕಂಬಳಿ ಹಂಚಲು ಮುಂದೆ ಬರುತ್ತಾರೆ. ಅದು ಪುಣ್ಯದ ಕೆಲಸ. ಆಪತ್ತಿಗೆ ಮೊದಲು ಕಲಿಯುವುದೂ ಅಷ್ಟೇ ಪುಣ್ಯದ ಕೆಲಸ, ಆದರೆ ಅದಕ್ಕೆ ಫೋಟೋ ಸಿಗುವುದಿಲ್ಲ, ಸನ್ಮಾನವೂ ಇಲ್ಲ. ಅಂಬಿಗನಿಗೂ ಸನ್ಮಾನ ಇರಲಿಲ್ಲ. ಆದರೂ ಅವನು ಮಗನಿಗೆ ಈಜು ಕಲಿಸಿದ. ನಾವು ನಮ್ಮ ಮಕ್ಕಳಿಗೆ ಏನು ಕಲಿಸಿದ್ದೇವೆ ಎಂಬುದು ಮುಂದಿನ ಸಲ ಗೇಟು ತೆರೆದಾಗ ಗೊತ್ತಾಗುತ್ತದೆ.