ಹಳಿಯ ಬದಿಯ ಊರುಗಳು, ಹಳಿ ಮುಟ್ಟದ ರುದ್ರಪಟ್ಟಣ

ಮೈಸೂರಿನಿಂದ ಹಾಸನದ ಮಾರ್ಗವಾಗಿ ಅರಸೀಕೆರೆಯನ್ನು ಸೇರುವ 166 ಕಿಲೋಮೀಟರುಗಳ ರೈಲುದಾರಿಯು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನವು ಕೈಗೊಂಡು 1918ರ ವೇಳೆಗೆ ಪೂರೈಸಿದ ಕಾರ್ಯ. ಆ ದಾರಿಯಲ್ಲಿ ಊರೂರಿಗೂ ನಿಲ್ಲುವ ಪ್ಯಾಸೆಂಜರ್ ಗಾಡಿಯನ್ನೇ ಆರಿಸಿಕೊಂಡು, ಹೆಗಲಿಗೆ ಕ್ಯಾಮರಾವನ್ನು ತೂಗುಹಾಕಿಕೊಂಡು ಹೊರಟವನಿಗೆ, ಸಾಗರಕಟ್ಟೆಯ ಬಳಿ ಕನ್ನಂಬಾಡಿಯ ಹಿನ್ನೀರು, ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿ, ಆಮೇಲೆ ಮಂದಗೆರೆ, ಹೊಳೆನರಸೀಪುರ, ಮಾವಿನಕೆರೆಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಒಂದು ಕಾಲಕ್ಕೆ ಸುತ್ತಣ ಹಳ್ಳಿಗಳ ಧಾನ್ಯವೂ ಮದುವೆಯ ದಿಬ್ಬಣಗಳೂ ಎತ್ತಿನ ಗಾಡಿಗಳಲ್ಲಿ ಬಂದು ಸೇರುತ್ತಿದ್ದ ಇಂಥ ನಿಲ್ದಾಣಗಳ ಅಂಗಳಗಳು, ಬಸ್ಸು ಲಾರಿಗಳು ಊರ ಬಾಗಿಲಿಗೇ ಬರತೊಡಗಿದ ಮೇಲೆ ಬರಿದಾದುವು. ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ದಾರಿಯ ವೇಗ ಹೆಚ್ಚಿತೇ ಹೊರತು ಸಣ್ಣ ಊರಿನ ಮರ್ಯಾದೆ ಹೆಚ್ಚಲಿಲ್ಲ.

ಹೊಳೆನರಸೀಪುರದಲ್ಲಿ ಇಳಿದರೆ ಲಕ್ಷ್ಮೀನರಸಿಂಹನ ದೇವಾಲಯವೂ, ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಾಂಕರ ವೇದಾಂತವನ್ನು ಕನ್ನಡದಲ್ಲಿ ಬಿತ್ತರಿಸಲೆಂದು ಬೆಳೆಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವೂ ಇವೆ. ಆದರೆ ನಮ್ಮ ಉದ್ದೇಶದ ಊರು ಇನ್ನೂ ಮುಂದಿದೆ. ಅರಕಲಗೂಡು ತಾಲ್ಲೂಕಿಗೆ ಹಳಿಯೇ ಬರಲಿಲ್ಲ. ಕಾವೇರಿಯ ದಂಡೆಯ ರುದ್ರಪಟ್ಟಣಕ್ಕೆ ರಸ್ತೆಯ ಮೇಲೆಯೇ ಹೋಗಬೇಕು.

ಚರಿತ್ರೆಯಲ್ಲಿ ಪಾಳೆಯಗಾರರ ಕೋಟೆಯಿಂದಲೋ ಹೊಯ್ಸಳರ ಶಿಲ್ಪದಿಂದಲೋ ಹೆಸರಾದ ಊರುಗಳು ಈ ಹಾಸನ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಕಂಠದಿಂದ ಹೆಸರಾದ ಊರು ರುದ್ರಪಟ್ಟಣ. ಪೂರ್ವಕಾಲದಲ್ಲಿ ತಮಿಳು ನಾಡಿನ ಕಡೆಯಿಂದ ವಲಸೆ ಬಂದು, ವೇದಾಧ್ಯಯನವನ್ನೂ ಅಡಕೆ ತೆಂಗುಗಳ ಕೃಷಿಯನ್ನೂ ಕೂಡಿಯೇ ನಡೆಸಿದ ಸಂಕೇತಿ ಬ್ರಾಹ್ಮಣರ ಮನೆಗಳಲ್ಲಿ ಸಂಗೀತವು ಸಭೆಯ ವಿದ್ಯೆಯಾಗುವುದಕ್ಕೆ ಮೊದಲು ದಿನಚರಿಯ ಅಂಗವಾಗಿತ್ತು. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ಪಿಟೀಲು ವಿದ್ವಾಂಸರಾದ ಅವರ ಅಣ್ಣ ವೆಂಕಟರಾಮ ಶಾಸ್ತ್ರಿಗಳು, ಸೋದರ ನಾರಾಯಣಸ್ವಾಮಿಗಳು, ನಾರಾಯಣಸ್ವಾಮಿಗಳ ಮಕ್ಕಳಾಗಿ ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್: ಒಂದೇ ಮನೆತನ ಕರ್ನಾಟಕ ಸಂಗೀತಕ್ಕೆ ಇಷ್ಟನ್ನು ಕೊಟ್ಟಿತು. ಇವರೆಲ್ಲರ ಹೆಸರಿನ ಮೊದಲಕ್ಷರವಾಗಿ ಊರು ನಿಂತಿತು, ಬಾಳು ಮಾತ್ರ ಬೇರೆಡೆ ನಡೆಯಿತು. ಮೈಸೂರಿನ ಅರಮನೆಯ ಆಶ್ರಯ, ಅಲ್ಲಿಯ ಕಾಲೇಜುಗಳ ವಿದ್ಯಾಭ್ಯಾಸ, ಬಳಿಕ ಆಕಾಶವಾಣಿಯ ಸಂಬಳ, ಬೆಂಗಳೂರಿನ ಸಭೆಗಳು, ಇವು ವಿದ್ವಾಂಸರನ್ನು ಕರೆದುಕೊಂಡುವು. ಶ್ರೀಕಂಠನ್ನರು ಮೂರು ದಶಕಗಳಿಗೂ ಮೀರಿ ದುಡಿದದ್ದು ಆಕಾಶವಾಣಿಯಲ್ಲಿ. ಕ್ಷಾಮವಾಗಲಿ ಯುದ್ಧವಾಗಲಿ ಹಾಳುಗೆಡವಿದ ಊರಲ್ಲ ಇದು. ತನ್ನ ವಿದ್ಯೆ ಹೊರಗೆ ಬೆಲೆ ಪಡೆದುದರಿಂದಲೇ ಬರಿದಾದ ಊರು. ಸಣ್ಣ ಊರುಗಳ ಅವನತಿಯನ್ನು ಕುರಿತು ಬರೆಯುವವರು ಈ ಬಗೆಯ ಬರಿದಾಗುವಿಕೆಯನ್ನು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಎಣಿಕೆ.

ಇಂಥ ಊರಿನಲ್ಲಿ ಛಾಯಾಗ್ರಾಹಕನ ಕಷ್ಟ ವಿಶೇಷವಾದುದು. ಜಗಲಿಯ ಕಂಬವನ್ನೂ, ಬಣ್ಣ ಮಾಸಿದ ಜೋಡಿ ಬಾಗಿಲನ್ನೂ, ಬೀಗ ಬಿದ್ದ ಮನೆಯ ಮುಂದೆ ಬೆಳೆದ ಹುಲ್ಲನ್ನೂ ಅವನು ಹಿಡಿಯಬಲ್ಲ. ಹೊರಟುಹೋದದ್ದು ನಾದವಾದುದರಿಂದ ಅದರ ಗುರುತು ಗೋಡೆಯ ಮೇಲೆ ಉಳಿದಿರುವುದಿಲ್ಲ. ಜಿಲ್ಲೆಗೆ ಕ್ಯಾಮರಾ ಬಂದದ್ದೇನೋ ಬಹಳ ಹಿಂದೆ. ಬೇಲೂರು ಹಳೇಬೀಡುಗಳ ಚಿತ್ರಗಳನ್ನೊಳಗೊಂಡು, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿಯೇ ಲಂಡನ್ನಿನಲ್ಲಿ ಅಚ್ಚಾಯಿತು; ಆಮೇಲೆ ಆರ್. ನರಸಿಂಹಾಚಾರ್ಯರ ಕಾಲದ ಮೈಸೂರು ಪುರಾತತ್ತ್ವ ಇಲಾಖೆಯೂ ದೇವಾಲಯಗಳನ್ನು ಶ್ರದ್ಧೆಯಿಂದ ಚಿತ್ರಿಸಿತು. ಆದರೆ ಗುಡಿಯ ಪಕ್ಕದ ಬೀದಿಯ ಕಡೆಗೆ ಮಸೂರವು ತಿರುಗಿದ್ದು ವಿರಳ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ ಮುಖಗಳನ್ನೇ ತಮ್ಮ ಜೀವಮಾನದ ವಿಷಯವಾಗಿಸಿಕೊಂಡುದರ ಹಿರಿಮೆ ಈ ಹಿನ್ನೆಲೆಯಲ್ಲಿ ನಮಗೆ ಸ್ಪಷ್ಟವಾಗುತ್ತದೆ.

ಊರನ್ನು ಮರೆಯದವರೂ ಇದ್ದಾರೆ. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳ ಧ್ಯಾನಮಂದಿರವೊಂದು ಇಲ್ಲಿ ಎದ್ದಿದೆ. ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆದು, ಪರವೂರುಗಳಲ್ಲಿರುವವರು ಬಂದು ಹಾಡುತ್ತಾರೆ. ಇಂದು ಬರುವ ಛಾಯಾಗ್ರಾಹಕರು ಚಿತ್ರ ತೆಗೆಯುವುದು ಹೆಚ್ಚಾಗಿ ಆ ಮಂದಿರದ್ದೇ, ಅದು ಸಹಜವೂ ಹೌದು. ನಾನು ಆಸೆಪಡುವುದು ಬೇರೊಂದು ಕೆಲಸಕ್ಕೆ. ಮದುವೆ ಉಪನಯನಗಳಲ್ಲಿ ಜಗಲಿಯ ಮುಂದೆ ಸಾಲಾಗಿ ಕೂತು ತೆಗೆಸಿದ ಗುಂಪು ಚಿತ್ರಗಳು ಇಂಥ ಊರುಗಳನ್ನು ಬಿಟ್ಟುಬಂದ ಮನೆತನಗಳ ಟ್ರಂಕುಗಳಲ್ಲಿ ಮೈಸೂರು ಬೆಂಗಳೂರುಗಳಲ್ಲಿ ಬಿದ್ದಿರುತ್ತವೆ. ಆ ಸಾಲುಗಳ ಹಿಂದೆ ಅಂದಿನ ಮನೆಯೂ, ಬಾಗಿಲ ತೋರಣವೂ, ಕೆಲವೊಮ್ಮೆ ಮೂಲೆಗೆ ಒರಗಿಸಿದ ತಂಬೂರಿಯೂ ತಾವಾಗಿ ಸೇರಿಕೊಂಡಿರುತ್ತವೆ. ಇದು ಯಾರು, ಇದು ಯಾರ ಮನೆ, ಯಾವ ವರ್ಷ ಎಂದು ಬೆರಳಿಟ್ಟು ಹೇಳಬಲ್ಲ ಅಜ್ಜಿಯರೂ ದೊಡ್ಡಪ್ಪಂದಿರೂ ಇನ್ನೂ ಇರುವಾಗಲೇ, ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಆ ಹೆಸರುಗಳನ್ನು ಬರೆಸಿ, ಪ್ರತಿ ತೆಗೆಸಿ, ಒಂದು ಪ್ರತಿಯನ್ನು ರುದ್ರಪಟ್ಟಣಕ್ಕೇ ತಂದಿಡಬೇಕು. ಹೊಸದಾಗಿ ಚಿತ್ರ ತೆಗೆಯಲು ಬರುವವನು ಆ ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಅದೇ ಜಗಲಿಯ ಎದುರು, ಅದೇ ದೂರದಲ್ಲಿ ನಿಲ್ಲಲಿ.